ಕೊಳವೆ ನೀರು ಕುಡಿದ ಗಂಟೆಗಳು

೯ ಜನವರಿ

ಪಂಪಣ್ಣ,

ಮುಖ್ಯ ಮಾತನ್ನು ಬಿಟ್ಟೇ ಈ ಕಾಗದ ಮುಗಿಸುವವಳಿದ್ದೆ. ಮೊನ್ನೆ ಎರಡು ಪುಟ ಬರೆದೆ. ನಿಮ್ಮ ಆರೋಗ್ಯ ವಿಚಾರಿಸಿದೆ, ನನ್ನ ಮಂಡಿನೋವನ್ನು ವರ್ಣಿಸಿದೆ, ಕೆಳಗೆ ಸಹಿಯನ್ನೂ ಹಾಕಿದೆ. ಓದಿ ನೋಡಿದರೆ ಹೇಳಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಹರಿದು ಹಾಕಿ ಮತ್ತೆ ಕೂತಿದ್ದೇನೆ. ಮಾತು ಇಷ್ಟು: ನಮ್ಮ ಗುಬುಟು ಸಿಗುತ್ತಿಲ್ಲ.

ಹೌದು, ನೀವು ಹೆಸರಿಟ್ಟ ಅದೇ ಗುಬುಟು. ನನಗೆ ಮಾರ್ಗದರ್ಶಕರಾಗಿದ್ದ ಸರ್ ಅದನ್ನು ‘ಐದರ ಉಂಗುರದ ಪಕ್ಕದ ಶಿಖರ’ ಎಂದು ಗಂಭೀರವಾಗಿ ಕರೆದು ವಿಜ್ಞಾನ ಪತ್ರಿಕೆಗೆ ಕಳಿಸಿದರು. ನೀವು ಆ ಗ್ರಾಫನ್ನು ಓರೆಯಾಗಿ ಹಿಡಿದು, “ಇದೇನಮ್ಮಾ, ಬಾಗಿಲಿಗೆ ಹೊಡ್ಕೊಂಡೋರ ಹಣೆ ಥರ ಗುಬುಟು ಎದ್ದಿದೆ” ಅಂದಿರಿ. ಅಂದಿನಿಂದ ಇಂದಿನವರೆಗೆ ನನ್ನ ಮನಸ್ಸಿನಲ್ಲಿ ಅದಕ್ಕೆ ಬೇರೆ ಹೆಸರಿಲ್ಲ.

ನೆಲಮಾಳಿಗೆಯ ಆ ಕೋಣೆ ಈಗಲೂ ಕನಸಿನಲ್ಲಿ ಬರುತ್ತದೆ. ಸೂರಿನ ಹತ್ತಿರ ಇದ್ದ ಒಂದೇ ಕಿಟಕಿ, ಅದರಲ್ಲಿ ದಿನವಿಡೀ ದಾಟುವ ದಾರಿಹೋಕರ ಪಾದಗಳು. ಚಪ್ಪಲಿ ನೋಡಿ ಇಂಥವರು ಎಂದು ಹೇಳುವ ನಮ್ಮ ಆಟ. ಗಾಜಿನ ಬಾಗಿಲ ಕಪಾಟು, ಒಂದು ಕಾಲು ಗಿಡ್ಡವಾದ ಸ್ಟೂಲು, ಮೂರು ಪಂಪುಗಳು. ಶಾಲೆಯ ಮಕ್ಕಳು ನೋಡಲು ಬಂದರೆ ಸರ್ ಮೆಲ್ಲಗೆ ಹಿಂದೆ ಸರಿದು ನಿಮ್ಮನ್ನು ಮುಂದೆ ಬಿಡುತ್ತಿದ್ದರು. “ನೋಡಿ ಮಕ್ಕಳಾ, ಇಲ್ಲಿ ನೀರಿನ ಹಬೆ ಸೂಜಿ ಚುಚ್ಚಿದಷ್ಟು ತೂತಿಂದ ಖಾಲಿ ಡಬ್ಬಿಯೊಳಗೆ ಚಿಮ್ಮುತ್ತೆ. ಅಲ್ಲಿ ಎಷ್ಟು ಚಳಿ ಅಂದ್ರೆ ನೀರಿನ ಕಣಗಳು ಒಂದರ ಕೈ ಒಂದು ಹಿಡ್ಕೊಳ್ತವೆ. ಎರಡು, ಮೂರು, ನಾಲ್ಕು, ಐದು. ಒಂಟಿ ಇದ್ದಾಗ ಕೈ ಬೀಸೋದು ಜೋರು. ಇನ್ನೊಬ್ಬರ ಕೈ ಹಿಡಿದ ಮೇಲೆ ನಿಧಾನ. ನಾವು ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಎಷ್ಟು ನಿಧಾನ ಅಂತ ಅಳೆದು, ಎಷ್ಟು ಜನ ಕೈ ಹಿಡಿದಿದ್ದಾರೆ ಅಂತ ಹೇಳ್ತೀವಿ. ಅಷ್ಟಕ್ಕೇ ನಮಗೆ ಸಂಬಳ.” ಇಷ್ಟು ವರ್ಷ ಪಾಠ ಮಾಡಿದ ಮೇಲೂ ಹೈಡ್ರೋಜನ್ ಬಂಧವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿ ಬಂದ ನನಗೆ ನೀರಿನ ವಿಷಯ ಕನ್ನಡದಲ್ಲಿ ಹೊಳೆದದ್ದೇ ನಿಮ್ಮಿಂದ.

ಈಗ ವಿಷಯ. ನನ್ನ ಕೈಕೆಳಗೆ ಒಬ್ಬಳು ವಿದ್ಯಾರ್ಥಿನಿ ಇದ್ದಾಳೆ. ಶ್ರದ್ಧೆಯ ಹುಡುಗಿ, ಮಾತು ಕಡಿಮೆ. ಇಪ್ಪತ್ತೆರಡು ವರ್ಷದ ಹಿಂದೆ ನಾವು ಕಂಡ ಆ ಶಿಖರವನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುವುದು ಅವಳ ಕೆಲಸ. ಐದು ಕಣಗಳ ಉಂಗುರಕ್ಕೆ ಎರಡನೆಯ ರೂಪವೊಂದಿದೆ ಎಂದು ನಾವು ಬರೆದಿದ್ದೆವಲ್ಲ, ಅದರ ಬೆನ್ನು ಹತ್ತುವುದು. ಹದಿನೆಂಟು ತಿಂಗಳಾಯಿತು. ನಮ್ಮ ಹಳೆಯ ಉಕ್ಕಿನ ಕೊಳವೆಯನ್ನೇ ಜೋಡಿಸಿದ್ದೇನೆ, ಹಳೆಯ ಅಳತೆಗಳನ್ನೇ ಕೊಟ್ಟಿದ್ದೇನೆ. ಉಂಗುರದ ದೊಡ್ಡ ಶಿಖರ ಬರುತ್ತದೆ. ಪಕ್ಕದ ಗುಬುಟು ಬರುವುದಿಲ್ಲ. ಹೋದ ವಾರ ಅವಳು ನನ್ನ ಕೋಣೆಗೆ ಬಂದು, “ಮೇಡಂ, ನನ್ನ ಕೈಯೇ ಸರಿ ಇಲ್ಲ ಅನ್ಸುತ್ತೆ. ಜೂನ್ ಒಳಗೆ ಸಿಗದಿದ್ರೆ ಬಿಟ್ಟುಬಿಡ್ತೀನಿ” ಅಂದಳು.

ನಿಮ್ಮ ಹಳೆಯ ರಿಜಿಸ್ಟರಿನಲ್ಲಿ ಗುಬುಟು ಕಂಡ ವಾರದ ಪುಟ ತೆರೆದು ನೋಡಿದೆ. ಶುಕ್ರವಾರ ಮಧ್ಯಾಹ್ನದವರೆಗೆ ನಾನು ಭಾರಜಲದ ಪ್ರಯೋಗ ನಡೆಸಿ ಊರಿಗೆ ಹೊರಟೆ. ಶನಿವಾರ ಬೆಳಗ್ಗೆ ಹತ್ತಕ್ಕೆ ನೀವು ಸಾದಾ ನೀರಿಗೆ ಬದಲಾಯಿಸಿದ್ದೀರಿ. ಮಂಗಳವಾರ ಬೆಳಗ್ಗೆ ಹತ್ತಕ್ಕೆ ನಾನು ಅಳತೆ ಶುರು ಮಾಡಿದ್ದೇನೆ. ಎರವಲು ತಂದ ಲೇಸರ್ ಅಂದೇ ಸಂಜೆ ವಾಪಸು ಹೋಗಬೇಕಿತ್ತು. ಅಂದರೆ ಕೊಳವೆ ಮೂರು ದಿನ ಸಾದಾ ನೀರು ಕುಡಿದಿದೆ. ನಿಮ್ಮ ಕಟ್ಟಳೆ ಎರಡೇ ದಿನದ್ದು. ಭಾರಜಲ ಕೊಳವೆಯ ಗೋಡೆಗೆ ಅಂಟಿಕೊಂಡಿರುತ್ತದೆ, ಸಾದಾ ನೀರಿನ ಹಬೆ ಎರಡು ದಿನ ಹರಿದರೇ ಅದು ಬಿಡುವುದು ಎನ್ನುತ್ತಿದ್ದಿರಿ. ಅಲ್ಲಿಯವರೆಗೆ ನಿಮ್ಮ ಉಣ್ಣೆಯ ಟೋಪಿ ಕವಾಟದ ಹಿಡಿಯ ಮೇಲೆ ನೇತಾಡುತ್ತಿತ್ತು. “ಕೊಳವೆ ಕುಡೀತಾ ಇದೆ, ಯಾರೂ ಮಾತಾಡಿಸ್ಬೇಡಿ” ಎಂಬ ಸೂಚನೆ. ಟೋಪಿ ಮತ್ತೆ ನಿಮ್ಮ ತಲೆಗೆ ಏರಿದ ಮೇಲೆಯೇ ಸರ್‌ಗೂ ಪ್ರವೇಶ.

ಆ ಮಂಗಳವಾರ ನಾನು ಬಂದಾಗ ಟೋಪಿ ನಿಮ್ಮ ತಲೆಯ ಮೇಲಿತ್ತು, ನನಗೆ ನೆನಪಿದೆ. ಬೇರೇನಾದರೂ ನಿಮಗೆ ನೆನಪಿದ್ದರೆ ಬರೆಯಿರಿ.

ನಿಮ್ಮ
ನೀರಮ್ಮ


೨೪ ಜನವರಿ

ನೀರಮ್ಮನೋರಿಗೆ ಪಂಪಣ್ಣನ ನಮಸ್ಕಾರ.

ಕಾಗದ ಬಂತು. “ಈ ಕಾಲದಲ್ಲೂ ಅಂಚೆಚೀಟಿ ಹಚ್ಚಿ ಕಾಗದ ಬರೆಯೋರು ಯಾರಪ್ಪಾ?” ಅಂದ್ಲು ಮಗಳು. ಇವರೊಬ್ಬರೇ ನನ್ನ ಜೊತೆ ಕೂಗಾಡದೆ ಮಾತಾಡೋರು ಅಂದೆ. ಮೂವತ್ತೊಂದು ವರ್ಷ ಪಂಪಿನ ಪಕ್ಕ ಕೂತೆನಲ್ಲ, ನಿವೃತ್ತಿ ದಿನ ಎಲ್ಲರೂ ನನಗೆ ಗಡಿಯಾರ ಕೊಟ್ಟರು, ಪಂಪು ಮಾತ್ರ ನನ್ನ ಕಿವಿ ಇಸ್ಕೊಂಡು ಕಳಿಸ್ತು. ಫೋನಿನ ಅಕ್ಷರ ಇರುವೆ ಸಾಲಿನ ಥರ ಕಾಣುತ್ತೆ. ಕಾಗದವೇ ವಾಸಿ.

ಮಂಡಿನೋವು ಅಂತ ಬರೆದಿದ್ದೀರಿ. ಆ ಗಿಡ್ಡಕಾಲಿನ ಸ್ಟೂಲ್ ಮೇಲೆ ಕೂರಬೇಡಿ ಅಂತ ಆಗಲೇ ಬಡ್ಕೊಂಡೆ. ಕೇಳಿದ್ರಾ?

ಹುಡುಗಿಗೆ ಹೇಳಿ, ಮೊದಲು ಆರ್ಗಾನ್ ಸಿಲಿಂಡರ್ ಬದಲಾಯಿಸಲಿ. ಆ ಅನಿಲವೇ ಅಲ್ವಾ ಹಬೇನ ಹೊತ್ಕೊಂಡು ಹೋಗೋದು, ಅದರಲ್ಲಿ ಗಾಳಿ ಬೆರೆತಿದ್ರೆ ಎಲ್ಲ ಕೆಡುತ್ತೆ. ತೂತಿನ ಬಾಯಿ ಸವೆದಿದೆಯಾ ನೋಡಲಿ. ಬೆಳಕು ಒಳಗೆ ಹೋಗೋ ಕಿಟಕಿ ಮಂಜಾಗಿದೆಯಾ ನೋಡಲಿ. ಬೆಳಕಿನ ದಾರೀಲಿ ಒಣ ನೈಟ್ರೋಜನ್ ಬಿಡ್ತಾ ಇದ್ದೀರಿ ತಾನೇ? ಕೋಣೆ ಗಾಳೀಲಿರೋ ತೇವವೇ ಅರ್ಧ ಬೆಳಕು ನುಂಗುತ್ತೆ. ಸರ್ ಒಂದು ಸಲ ಚಹದ ಫ್ಲಾಸ್ಕ್ ತೆರೆದು ಅಲ್ಲೇ ಇಟ್ಟು, “ಪಂಪಣ್ಣ, ಇವತ್ತು ನೀರಿನ ಗೆರೆ ಭಾರೀ ಜೋರಾಗಿದೆ ಕಣಯ್ಯಾ” ಅಂತ ಸಂಭ್ರಮಪಟ್ಟಿದ್ರಲ್ಲ. “ಅದು ನೀರಲ್ಲ ಸರ್, ಚಹ” ಅಂದೆ. ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಅದೇ ಫ್ಲಾಸ್ಕಿಂದ ನನಗೆ ಚಹ ಬಗ್ಗಿಸಿ ಕೊಟ್ಟರು. ಅಂಥ ಮನುಷ್ಯ.

ಹುಡುಗಿ ಕೈ ಬಗ್ಗೆ ಏನೂ ಅನ್ಬೇಡಿ. ಹದಿನೆಂಟು ತಿಂಗಳು ಒಂದೇ ಕೆಲಸ ಮಾಡ್ತಿದ್ದಾಳೆ ಅಂದ್ರೆ ಆ ಕೈ ಚೆನ್ನಾಗೇ ಇರುತ್ತೆ.

ರಿಜಿಸ್ಟರಿನಲ್ಲಿ ಏನಿದೆಯೋ ಅದು ನಾನೇ ಬರೆದಿದ್ದು. ಅದರ ಬಗ್ಗೆ ಹೇಳೋದೇನಿದೆ. ಇಷ್ಟು ವರ್ಷ ಆಯ್ತು.

ನನ್ನವಳು ತೀರಿಹೋಗಿ ಈ ತಿಂಗಳಿಗೆ ನಾಲ್ಕು ವರ್ಷ. ಮನೇಲಿ ಪಂಪು ನಿಂತ ಮೇಲಿನ ಸದ್ದು ಇರುತ್ತಲ್ಲ, ಹಾಗಿದೆ.

ನಿಮ್ಮ
ಪಂಪಣ್ಣ


೬ ಫೆಬ್ರವರಿ

ಪಂಪಣ್ಣನವರಿಗೆ,

ನೀವು ಹೇಳಿದ ನಾಲ್ಕನ್ನೂ ಮಾಡಿದೆವು. ಸಿಲಿಂಡರ್ ಹೊಸದು, ತೂತು ಹೊಸದು, ಕಿಟಕಿ ಒರೆಸಿದ್ದು, ನೈಟ್ರೋಜನ್ ಹರಿಯುತ್ತಲೇ ಇದೆ. ಗುಬುಟು ಬರಲಿಲ್ಲ.

ಹೋದ ವಾರ ಹುಡುಗಿಯನ್ನು ರಜೆಯ ಮೇಲೆ ಕಳಿಸಿದೆ. ತಂಗಿಯನ್ನು ನೋಡಿ ಬರುತ್ತೇನೆ ಎಂದು ಅವಳೇ ಕೇಳಿದ್ದಳು. ನಾನು ಅಗತ್ಯಕ್ಕಿಂತ ಬೇಗ ಒಪ್ಪಿದೆ. ಅವಳು ಅತ್ತ ಹೋದದ್ದೇ ನಾನು ಕೊಳವೆಗೆ ಭಾರಜಲ ಬಿಟ್ಟೆ. ಒಂದು ದಿನ ಬಿಟ್ಟು ಸಾದಾ ನೀರಿಗೆ ಬದಲಾಯಿಸಿದೆ. ಎಷ್ಟೋ ವರ್ಷದ ಮೇಲೆ ಕವಾಟವನ್ನು ನನ್ನ ಕೈಯಿಂದಲೇ ತಿರುಗಿಸಿದ್ದು. ಹದಿನೆಂಟು ಗಂಟೆಯಾದ ಮೇಲೆ ಅಳೆದೆ.

ಗುಬುಟು ಬಂತು. ಸರ್ ಬಾಗಿಲ ಮೇಲೆ ಅಂಟಿಸಿದ್ದ ಗ್ರಾಫಿನಲ್ಲಿ ಎಷ್ಟು ಎತ್ತರವಿತ್ತೋ ಹೆಚ್ಚುಕಡಿಮೆ ಅಷ್ಟೇ ಎತ್ತರ, ಅದೇ ಜಾಗ. ನಲವತ್ತೆಂಟು ಗಂಟೆಯ ಹೊತ್ತಿಗೆ ಅದರ ನೆರಳು ಮಾತ್ರ ಉಳಿದಿತ್ತು. ಎಪ್ಪತ್ತೆರಡಕ್ಕೆ ಗೆರೆ ಚೊಕ್ಕಟ.

ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಬರೆದರೆ ನನಗೇ ಸ್ಪಷ್ಟವಾಗುತ್ತದೆ. ಗೋಡೆ ಬಿಟ್ಟುಕೊಟ್ಟ ಭಾರದ ಹೈಡ್ರೋಜನ್ ಒಂದೊಂದಾಗಿ ಸಾದಾ ನೀರಿನ ಕಣಗಳಲ್ಲಿ ಸೇರಿಕೊಂಡಿದೆ. ಕೈ ಹಿಡಿದ ಐವರಲ್ಲಿ ಒಬ್ಬರ ಕೈ ಭಾರವಾದರೆ ಉಳಿದವರ ಲಯವೂ ತುಸು ತಪ್ಪುತ್ತದೆ. ಆ ತಪ್ಪಿದ ಲಯವೇ ಪಕ್ಕದ ಶಿಖರ. ಐದರ ಉಂಗುರಕ್ಕೆ ಎರಡನೆಯ ರೂಪ ಎಂಬುದು ಇರಲೇ ಇಲ್ಲ. ನಾವು ಅಳೆದದ್ದು ತೊಳೆಯದ ಕೊಳವೆಯನ್ನು.

ಮೂರು ದಿನ ಕುಡಿದ ಕೊಳವೆಯಲ್ಲಿ ಆ ಶಿಖರ ಬರಲು ಸಾಧ್ಯವಿಲ್ಲ. ರಿಜಿಸ್ಟರು ಮೂರು ದಿನ ಎನ್ನುತ್ತದೆ. ಎರಡರಲ್ಲಿ ಒಂದು ಸುಳ್ಳು.

ನೇರವಾಗಿ ಕೇಳುತ್ತಿದ್ದೇನೆ. ಆ ಶನಿವಾರ ನೀವು ಕೆಲಸಕ್ಕೆ ಬಂದಿದ್ದಿರಾ?

ಈ ಶಿಖರದ ಮೇಲೆ ನನ್ನ ಪ್ರಬಂಧ ನಿಂತಿದೆ, ನನ್ನ ಉದ್ಯೋಗ ನಿಂತಿದೆ. ಬೇರೆ ಊರಿನವರು ತಮಗೆ ಅದು ಸಿಗಲಿಲ್ಲ ಎಂದಾಗ ಅವರ ಯಂತ್ರ ಅಷ್ಟು ಸೂಕ್ಷ್ಮವಲ್ಲ ಎಂದು ಸಭೆಗಳಲ್ಲಿ ನಕ್ಕವಳು ನಾನು. ಅವರಿಗೆಲ್ಲ ಈಗ ಏನು ಹೇಳಲಿ?

ಇಂತಿ


೧೫ ಫೆಬ್ರವರಿ

ಮೇಡಂ ಅವರಿಗೆ,

ಬಂದಿರಲಿಲ್ಲ. ಸೋಮವಾರ ಸಂಜೆ ನಾಲ್ಕಕ್ಕೆ ನೀರು ಬದಲಾಯಿಸಿದೆ. ಶನಿವಾರ ಅಂತ ಬರೆದೆ. ತಪ್ಪು ನನ್ನದೇ. ಯಾರಿಗೆ ಏನು ಬರೀಬೇಕೋ ಬರೀರಿ, ನನ್ನದೇನೂ ಅಡ್ಡಿಯಿಲ್ಲ.

ಹುಡುಗಿಗೆ ಬೇಗ ಹೇಳಿ.

ಪಂಪಣ್ಣ


೩ ಮಾರ್ಚ್

ಪಂಪಣ್ಣ,

ನಿಮ್ಮ ನಾಲ್ಕು ಸಾಲು ಓದಿ ಮೊದಲು ಬಂದದ್ದು ದುಃಖವಲ್ಲ, ನಿರಾಳ. ಭುಜದ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡಂತೆ. ಹಾಗೆ ನಿರಾಳವಾದದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಉತ್ತರ ಬರೆಯಲು ಹದಿನೈದು ದಿನ ಹಿಡಿದದ್ದು ಅದಕ್ಕೇ. ನಿಮ್ಮನ್ನು ‘ಪಂಪಣ್ಣನವರಿಗೆ’ ಎಂದು ಕರೆದೆನಲ್ಲ, ನೀವು ತಿರುಗಿ ‘ಮೇಡಂ’ ಎಂದಿರಿ. ಸಮಸಮವಾಯಿತು. ದಯವಿಟ್ಟು ಇನ್ನು ಹಳೆಯ ಹೆಸರಿಗೇ ಬರೋಣ.

ನಿಮಗೆ ಗೊತ್ತಿರಲಿಕ್ಕಿಲ್ಲದ ಒಂದು ವಿಷಯ ಹೇಳುತ್ತೇನೆ. ಆ ವಾರ ಅಪ್ಪ ನನ್ನನ್ನು ಊರಿಗೆ ಕರೆಸಿದ್ದು ಸುಮ್ಮನೆ ಅಲ್ಲ. “ನಾಲ್ಕು ವರ್ಷದಿಂದ ನೀರು ನೋಡ್ತಿದ್ದೀಯ. ಈ ತಿಂಗಳಲ್ಲಿ ಏನಾದ್ರೂ ತೋರಿಸು, ಇಲ್ಲಾಂದ್ರೆ ಗಂಟುಮೂಟೆ ಕಟ್ಕೊಂಡು ಬಂದ್ಬಿಡು. ಮುಂದಿನದ್ದು ನಾನು ನೋಡ್ಕೊಳ್ತೀನಿ” ಅಂದಿದ್ದರು. ಮುಂದಿನದ್ದು ಅಂದರೆ ಮದುವೆ. ಹುಡುಗನ ಮನೆಯವರು ಆಗಲೇ ನನ್ನ ಫೋಟೋ ಒಯ್ದಿದ್ದರು. ಅಪ್ಪ ಕೆಟ್ಟವರಲ್ಲ, ನೀರನ್ನು ಕುಡಿಯುವುದು ಬಿಟ್ಟು ಬೇರೇನು ಮಾಡಬಹುದು ಎಂದು ಅವರಿಗೆ ಅರ್ಥವಾಗುತ್ತಿರಲಿಲ್ಲ, ಅಷ್ಟೆ. ಮಂಗಳವಾರ ಸಂಜೆ ಆ ಗ್ರಾಫಿನ ಒಂದು ಪ್ರತಿಯನ್ನು ಅವರಿಗೆ ಅಂಚೆಯಲ್ಲಿ ಕಳಿಸಿದೆ. ಅದನ್ನು ಅವರು ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದರು, “ಇದು ನಮ್ಮ ಹುಡುಗಿ ಕಂಡುಹಿಡಿದಿದ್ದು.” ಹೆಚ್ಚಿನ ಸಲ ಬೆರಳು ಬೇರೆ ಶಿಖರದ ಮೇಲಿರುತ್ತಿತ್ತು.

ಮರುವರ್ಷ ಇನ್ನೊಮ್ಮೆ ಅಳೆದು ನೋಡೋಣ ಎಂದಿದ್ದರು ಸರ್. ಮರುವರ್ಷಕ್ಕೆ ಅವರೇ ಇರಲಿಲ್ಲ. ಆಮೇಲೆ ನಾನೂ ಅಳೆಯಲಿಲ್ಲ. ಯಾಕೆ ಅಳೆಯಲಿಲ್ಲ ಎಂದು ಈಗ ಕೇಳಿಕೊಂಡರೆ, ಸಮಯವಿರಲಿಲ್ಲ ಎಂಬ ಉತ್ತರ ತಕ್ಷಣ ಬರುತ್ತದೆ. ಅಷ್ಟು ತಕ್ಷಣ ಬರುವ ಉತ್ತರಗಳ ಮೇಲೆ ನನಗೆ ನಂಬಿಕೆ ಕಡಿಮೆ.

ಪತ್ರಿಕೆಗೆ ಕಳಿಸುವ ತಿದ್ದುಪಡಿ ಸಿದ್ಧವಾಗಿದೆ. ನಿಮಗೆ ಸಂಬಂಧಿಸಿದ ಸಾಲನ್ನು ನೀವು ಮೊದಲು ನೋಡಬೇಕು: “ಉಪಕರಣ ಸಹಾಯಕರ ಮರೆವಿನಿಂದ ನೀರಿನ ಬದಲಾವಣೆ ಎರಡು ದಿನ ತಡವಾಗಿದ್ದು, ದಾಖಲೆಯಲ್ಲಿ ತಪ್ಪು ದಿನ ನಮೂದಾಗಿತ್ತು. ಲೇಖಕರ ಗಮನಕ್ಕೆ ಇದು ಈಗ ಬಂದಿದೆ.” ನಿಮ್ಮ ಹೆಸರಿಲ್ಲ. ಮರೆವು ಎಂದರೆ ಯಾರೂ ದೂರುವುದಿಲ್ಲ ಎಂದು ಆ ಪದ ಹಾಕಿದೆ.

ಹುಡುಗಿಗೆ ಇನ್ನೂ ಹೇಳಿಲ್ಲ. ತಿದ್ದುಪಡಿ ಅಚ್ಚಾಗಲಿ ಎಂದು ಕಾಯುತ್ತಿದ್ದೇನೆ.

ನಿಮ್ಮ
ನೀರಮ್ಮ


೨೨ ಮಾರ್ಚ್

ನೀರಮ್ಮನೋರಿಗೆ,

ಈ ಪೊಟ್ಟಣದಲ್ಲಿ ನನ್ನ ಸ್ವಂತ ನೋಟ್‌ಬುಕ್ಕಿದೆ. ರಿಜಿಸ್ಟರು ಆಫೀಸಿಂದು, ಇದು ನಂದು. ಇಷ್ಟು ದಿನ ಯಾರಿಗೂ ತೋರಿಸಿಲ್ಲ. ಕೆಂಪು ದಾರ ಇಟ್ಟಿರೋ ಪುಟ ತೆಗೀರಿ.

ತಪ್ಪು ಮಾಡಿದ ಅಂತ ಬರೀರಿ. ಸುಳ್ಳು ಬರೆದ ಅಂತ ಬರೀರಿ. ಮರೆತ ಅಂತ ಮಾತ್ರ ಬರೀಬೇಡಿ ತಾಯಿ. ಮೂವತ್ತೊಂದು ವರ್ಷದಲ್ಲಿ ನಾನು ಒಂದು ಕೊಳವೇನೂ ಮರೆತವನಲ್ಲ. ಆ ಶನಿವಾರವೂ ನೆನಪಿತ್ತು, ಭಾನುವಾರವೂ ನೆನಪಿತ್ತು. ಬಸ್ಸಲ್ಲಿ ಕೂತು ಇಷ್ಟು ಗಂಟೆ ಹೋಯ್ತು, ಅಷ್ಟು ಗಂಟೆ ಹೋಯ್ತು ಅಂತ ಬೆರಳು ಮಡಚ್ತಾ ಇದ್ದೆ.

ಆಗ ನನ್ನವಳು ತವರಿಗೆ ಹೋಗಿ ಕೂತು ಎರಡು ತಿಂಗಳಾಗಿತ್ತು. ನೀವ್ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮನೇಲಿ ನಾನು ಮಾತಾಡಲ್ಲ ಅನ್ನೋದು ಅವಳ ದೂರು. ನಿಜವೇ. ದಿನವಿಡೀ ಪಂಪಿನ ಸದ್ದಲ್ಲಿ ಕೂತವನಿಗೆ ಮನೆಗೆ ಬಂದ್ರೆ ಮಾತು ಬೇಡ ಅನ್ಸುತ್ತಿತ್ತು. “ಪಂಪನ್ನೇ ಕಟ್ಕೋಬೇಕಿತ್ತು, ನನ್ನನ್ಯಾಕೆ ಕಟ್ಕೊಂಡ್ರಿ?” ಅಂತ ಹೋದ್ಲು. ಶುಕ್ರವಾರ ಅವಳ ಅಣ್ಣ ಹೇಳಿಕಳಿಸಿದ, ಬಂದು ಕರೆದ್ರೆ ಬರ್ತಾಳೇನೋ, ಈಗಲೇ ಬಾ ಅಂತ. ಹೋದೆ. ರಜೆ ಕೇಳಲಿಲ್ಲ. ಹೋದ ತಿಂಗಳು ಎರಡು ಸಲ ಕೇಳಿ ಬೈಸ್ಕೊಂಡಿದ್ದೆ. ಶನಿವಾರ ಇಡೀ ದಿನ ಅವಳ ಬಾಗಿಲ ಮುಂದೆ ಕೂತಿದ್ದೆ. ಭಾನುವಾರ ಒಂದು ಲೋಟ ನೀರು ತಂದು ಕೊಟ್ಲು. ಸೋಮವಾರ ಜೊತೆಗೆ ಹೊರಟ್ಲು.

ಅಲ್ಲಿಂದ ನೇರ ನೆಲಮಾಳಿಗೆಗೆ ಬಂದು ನೀರು ಬದಲಾಯಿಸಿದೆ. ಟೋಪಿ ನೇತುಹಾಕಿದೆ. ಅಷ್ಟರಲ್ಲಿ ಫೋನ್ ಬಂತು. ನಿಮ್ಮ ತಂದೆ. ನೀವು ಆಗಲೇ ರೈಲು ಹತ್ತಿದ್ರಂತೆ. “ನನ್ನ ಮಗಳು ಮಾಡ್ತಿರೋ ಕೆಲಸ ಮುಗಿಯೋದು ಅಂತ ಇದೆಯೇನ್ರೀ?” ಅಂದ್ರು. ಸಿಟ್ಟಿರಲಿಲ್ಲ, ದಣಿದ ದನಿ. “ನಾಳೆ ಮುಗಿಯುತ್ತೆ ಸಾರ್” ಅಂದೆ. ಯಾಕಂದೆನೋ. ಅವತ್ತು ನನ್ನ ಮನೆ ಸರಿಹೋಗಿತ್ತು, ಎಲ್ಲರದ್ದೂ ಸರಿಹೋಗಲಿ ಅನ್ನೋ ಹುಚ್ಚು.

ಮಾರನೇ ದಿನ ನೀವು ಬಂದ್ರಿ. ಹೆಗಲಿಂದ ಚೀಲ ಇಳಿಸಿರಲಿಲ್ಲ. ಆ ಮುಖ ನೋಡಿದ ಮೇಲೆ ಇನ್ನೂ ಒಂದು ದಿನ ಕಾಯಿರಿ ಅಂತ ಹೇಳೋಕೆ ನನ್ನಿಂದ ಆಗಲಿಲ್ಲ. ಕಾಯೋದಕ್ಕೆ ಲೇಸರ್ ಕೂಡ ಇರುತ್ತಿರಲಿಲ್ಲ. ನೀವು ಕಪಾಟಿನ ಕಡೆ ತಿರುಗಿ ಚೀಲ ಇಡ್ತಾ ಇದ್ರಿ. ಅಷ್ಟರಲ್ಲಿ ಟೋಪಿ ತೆಗೆದು ತಲೆಗೆ ಹಾಕ್ಕೊಂಡೆ. ರಿಜಿಸ್ಟರಿನಲ್ಲಿ ಶನಿವಾರ ಅಂತ ಬರೆದೆ. ಅರ್ಧ ನಿಮಗೋಸ್ಕರ, ಅರ್ಧ ನನ್ನ ಕೆಲಸ ಉಳಿಸ್ಕೊಳ್ಳೋಕೆ. ನಿಮಗೆ ಏನೂ ಗೊತ್ತಿರಲಿಲ್ಲ. ಇದನ್ನೂ ಬರ್ಕೊಳ್ಳಿ.

ಸ್ವಲ್ಪ ಮಸುಕಾಗುತ್ತೆ, ಆಮೇಲೆ ಇನ್ನೊಂದು ಸಲ ಮಾಡೇ ಮಾಡ್ತಾರೆ ಅಂದ್ಕೊಂಡೆ. ಗುಬುಟು ಎದ್ದಾಗ ಹೇಳಿಬಿಡೋಣ ಅಂತ ಎದ್ದು ನಿಂತೆ. ಸರ್ ಕುಣಿದಾಡ್ತಾ ಇದ್ರು. ನೀವು ಅಳ್ತಾ ಇದ್ರಿ. ಬಾಯಿ ಬರಲಿಲ್ಲ. ಆಮೇಲೆ ಬರೋಬ್ಬರಿ ಇಪ್ಪತ್ತೆರಡು ವರ್ಷ ಬರಲಿಲ್ಲ.

ಹುಡುಗಿಗೆ ಹೇಳಿದ್ರಾ?

ಪಂಪಣ್ಣ


೧೪ ಏಪ್ರಿಲ್

ಪಂಪಣ್ಣ,

ಕೆಂಪು ದಾರದ ಪುಟವನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಶನಿವಾರ ಖಾಲಿ. ಭಾನುವಾರ ಖಾಲಿ. ಸೋಮವಾರ, ಪೆನ್ಸಿಲಿನಲ್ಲಿ, ಎಂದಿನ ನಿಮ್ಮ ಗುಂಡಗಿನ ಅಕ್ಷರ: “ಸಂಜೆ ೪. ಸಾದಾ ನೀರು ಶುರು. ಪಂಪು ಎರಡರ ಸದ್ದು ಸರಿ. ಅವಳು ಬಂದಳು.” ಆ ನಾಲ್ಕು ಮಾತಿನ ಮುಂದೆ ಇನ್ನೇನೂ ಇಲ್ಲ. ನಾನು ಆ ಪುಟವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ವರ್ಣಪಟಲವನ್ನು ಕೆಡಿಸಿದ ಎರಡು ದಿನ ಯಾರೋ ಒಬ್ಬರ ಬಾಗಿಲ ಮುಂದೆ ಕಳೆದದ್ದು ಎಂದು ತಿಳಿದಾಗ, ನಿಜ ಹೇಳುತ್ತೇನೆ, ಆ ದಿನಗಳು ಹಾಳಾದವು ಎಂದು ಅನಿಸಲಿಲ್ಲ. ಅವರು ಪ್ರಯೋಗಾಲಯಕ್ಕೆ ನಿಮ್ಮ ಊಟದ ಡಬ್ಬಿ ತರುತ್ತಿದ್ದದ್ದು ನೆನಪಿದೆ. “ಇವರು ಇಲ್ಲಾದ್ರೂ ಮಾತಾಡ್ತಾರಾ?” ಎಂದು ನನ್ನನ್ನು ಕೇಳಿದ್ದರು. “ಬಾಯಿ ಮುಚ್ಚೋದೇ ಇಲ್ಲ” ಅಂದಿದ್ದೆ. ಅವರು ನಕ್ಕದ್ದು ನನಗೆ ಆಗ ಅರ್ಥವಾಗಿರಲಿಲ್ಲ.

ನಿಮ್ಮ ಕಾಗದದಲ್ಲಿ ಒಂದು ವಾಕ್ಯವಿದೆ. “ನಿಮಗೆ ಏನೂ ಗೊತ್ತಿರಲಿಲ್ಲ.” ಮೂರು ವಾರದಿಂದ ನನಗೂ ಆ ವಾಕ್ಯಕ್ಕೂ ನಡುವೆ ಜಗಳ ನಡೆಯುತ್ತಿದೆ. ಅದನ್ನು ಇಟ್ಟುಕೊಂಡುಬಿಡಬಹುದಿತ್ತು. ನೀವೇ ಕೈಯಾರೆ ಬರೆದು, ಪೊಟ್ಟಣ ಕಟ್ಟಿ ಕಳಿಸಿದ್ದೀರಿ. ಸಾಕ್ಷಿ ಬೇರೆ ಬೇಕೇ?

ಆದರೆ ಕಪಾಟಿಗೆ ಗಾಜಿನ ಬಾಗಿಲಿತ್ತು, ಪಂಪಣ್ಣ.

ಚೀಲ ಇಡುವಾಗ ನಾನು ಗಾಜಿನಲ್ಲಿ ನೋಡಿದೆ. ಟೋಪಿ ಕವಾಟದ ಮೇಲಿತ್ತು. ನೀವು ಅದನ್ನು ತೆಗೆದಿರಿ, ತಲೆಗೆ ಹಾಕಿಕೊಂಡಿರಿ, ಬೆನ್ನು ಬಗ್ಗಿಸಿ ಬರೆದಿರಿ. ನಾನು ಚೀಲವನ್ನು ಬೇಕಾದ್ದಕ್ಕಿಂತ ನಿಧಾನವಾಗಿ ಇಟ್ಟೆ. ನೀವು ಬರೆದು ಮುಗಿಸಲಿ ಎಂದು. ಆಮೇಲೆ ತಿರುಗಿ, “ಪಂಪಣ್ಣ, ಕೊಳವೆ ರೆಡಿನಾ?” ಅಂದೆ. ನೀವು “ರೆಡಿ” ಅಂದಿರಿ. “ಎಷ್ಟು ಗಂಟೆ ಆಯ್ತು?” ಎಂದು ನಾನು ದಿನಾಲೂ ಕೇಳುತ್ತಿದ್ದೆ. ಅಂದು ಕೇಳಲಿಲ್ಲ.

ಜನವರಿಯಲ್ಲಿ ನಿಮಗೆ ‘ಟೋಪಿ ನಿಮ್ಮ ತಲೆಯ ಮೇಲಿತ್ತು, ನನಗೆ ನೆನಪಿದೆ’ ಎಂದು ಬರೆದೆನಲ್ಲ, ಅದನ್ನು ಬರೆಯುವಾಗ ಸುಳ್ಳು ಎಂದು ನನಗೆ ತಿಳಿದಿತ್ತೇ? ಇದನ್ನು ನನ್ನಲ್ಲೇ ಎಷ್ಟು ಕೆದಕಿದರೂ ಪೂರಾ ಉತ್ತರ ಸಿಗುವುದಿಲ್ಲ. ಅಷ್ಟು ವರ್ಷ ಅದನ್ನೇ ಹೇಳಿಕೊಂಡು ಅದೇ ನೆನಪಾಗಿತ್ತು. ಆದರೆ ಅದೇ ಕಾಗದದಲ್ಲಿ ‘ಗಾಜಿನ ಬಾಗಿಲ ಕಪಾಟು’ ಎಂದೂ ಬರೆದಿದ್ದೇನೆ ನೋಡಿ. ಕೈಗೆ ಗೊತ್ತಿತ್ತು. ಮರುವರ್ಷ ನಾನು ಮತ್ತೆ ಅಳೆಯದೆ ಇದ್ದದ್ದಕ್ಕೂ ಸಮಯ ಕಾರಣವಲ್ಲ. ಅಳೆದರೆ ಏನು ಸಿಗುವುದಿಲ್ಲ ಎಂದು ನನಗೆ ಅಂದಾಜಿತ್ತು.

ಮತ್ತೆ ಈ ಸಂಶಯವೂ ಇದೆ: ನಾನು ನೋಡಿದ್ದು ನಿಮಗೂ ಗೊತ್ತಿತ್ತೇ? ಗಾಜಿನಲ್ಲಿ ನನಗೆ ನೀವು ಕಂಡರೆ ನಿಮಗೂ ನಾನು ಕಂಡಿರಬೇಕು. ಗೊತ್ತಿದ್ದೂ ‘ಇದನ್ನೂ ಬರ್ಕೊಳ್ಳಿ’ ಎಂದಿರಾ? ಇದಕ್ಕೆ ಉತ್ತರ ಬರೆಯಬೇಡಿ. ಬರೆದರೆ ನಾನು ನಂಬುವುದಿಲ್ಲ.

ಹುಡುಗಿಗೆ ಹೇಳಿದೆ. ನೀವು ಮೂರು ಕಾಗದದಲ್ಲಿ ಮೂರು ಸಲ ಅವಳ ಮಾತೆತ್ತಿದಿರಿ. ನಾನು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಗುಬುಟಿನ ಗುಟ್ಟು ಗೊತ್ತಿದ್ದೂ, ಅವಳು ಬೆಳಗಿನಿಂದ ಸಂಜೆವರೆಗೆ ಅದನ್ನು ಹುಡುಕುವುದನ್ನು ನೋಡುತ್ತಾ ಸುಮ್ಮನಿದ್ದೆ. ನೀವು ಸುಮ್ಮನಿದ್ದದ್ದು ಅರ್ಧವಾದರೂ ನನ್ನ ಒಳ್ಳೆಯದಕ್ಕಾಗಿತ್ತು. ನನ್ನ ಈ ಎರಡು ತಿಂಗಳು ಪೂರ್ತಿ ನನ್ನದೇ ಸ್ವಾರ್ಥ. ಮೂರು ದಿನದ ಹಿಂದೆ ಅವಳನ್ನು ಕೂರಿಸಿ, ನಿಮ್ಮ ನೋಟ್‌ಬುಕ್ಕು, ರಿಜಿಸ್ಟರು, ನನ್ನ ಮೂರು ಅಳತೆ, ಎಲ್ಲವನ್ನೂ ಮೇಜಿನ ಮೇಲೆ ಹರಡಿದೆ. ಟೋಪಿಯ ವಿಷಯವನ್ನೂ ಹೇಳಿದೆ. ಅವಳು ಗ್ರಾಫನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಿಟ್ಟಿನ ಮಾತಿಗೆ ಕಾಯುತ್ತಿದ್ದೆ. ಕೊನೆಗೆ ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು, “ಹಾಗಾದ್ರೆ ನನ್ನ ಕೈ ಸರಿ ಇದೆ ಅಲ್ವಾ ಮೇಡಂ?” ಅಂದಳು.

ಸರಿ ಇದೆಯಮ್ಮಾ, ಅಂದೆ. ಅವಳು ಎದ್ದು ಹೊರಗೆ ಹೋದಳು. ಎರಡು ದಿನ ಬರಲಿಲ್ಲ. ಇವತ್ತು ಬೆಳಗ್ಗೆ ಬಂದು, ನನ್ನ ಮುಖ ನೋಡದೆ, “ಹದಿನೆಂಟು ಗಂಟೆಗೆ ಇಷ್ಟು, ನಲವತ್ತೆಂಟಕ್ಕೆ ಅಷ್ಟು ಅಂತ ಮೂರೇ ಚುಕ್ಕೆ ಇಟ್ಟಿದ್ದೀರಿ. ಮೂರು ಚುಕ್ಕೆ ನಂಬೋಕಾಗಲ್ಲ. ಗಂಟೆಗೊಂದು ಬೇಕು” ಎಂದು ಕವಾಟದ ಹತ್ತಿರ ಹೋದಳು. ಕ್ಷಮಿಸಿದ್ದಾಳೆ ಎಂದು ನಾನು ತಿಳಿಯುವುದಿಲ್ಲ. ಬಿಟ್ಟು ಹೋಗುವುದಿಲ್ಲ ಎಂದಷ್ಟೇ ತಿಳಿದೆ. ಈಗ ಕವಾಟದ ಹಿಡಿಯ ಮೇಲೆ ಅವಳ ಕೊರಳ ವಸ್ತ್ರ ನೇತಾಡುತ್ತಿದೆ. ನಿಮ್ಮ ಟೋಪಿಯ ಕಥೆಯಲ್ಲಿ ಅವಳು ಇಟ್ಟುಕೊಂಡದ್ದು ಅದೊಂದನ್ನೇ.

ತಿದ್ದುಪಡಿಯನ್ನು ಮತ್ತೆ ಬರೆದಿದ್ದೇನೆ. ‘ಮರೆವು’ ಇಲ್ಲ. ಉಪಕರಣ ಸಹಾಯಕರೂ ಇಲ್ಲ. ಸಾಲು ಹೀಗಿದೆ: “ಅಳತೆಗೆ ಮುನ್ನ ಕೊಳವೆಗೆ ಹದಿನೆಂಟು ಗಂಟೆ ಮಾತ್ರ ಸಾದಾ ನೀರು ಹರಿದಿತ್ತು. ದಾಖಲೆಯಲ್ಲಿ ಮೂರು ದಿನ ಎಂದಿರುವುದು ನಿಜವಲ್ಲ. ಇದನ್ನು ಅನುಮಾನಿಸಲು ಕಾರಣವಿದ್ದೂ ಲೇಖಕಿ ಅಂದು ಪ್ರಶ್ನಿಸಲಿಲ್ಲ, ಆಮೇಲೆ ಮರುಅಳತೆಯನ್ನೂ ಮಾಡಲಿಲ್ಲ. ಶಿಖರವನ್ನು ಹಿಂತೆಗೆದುಕೊಳ್ಳಲಾಗಿದೆ.” ನಿಮ್ಮ ಪಾಲನ್ನು ನಾನು ಕದ್ದೆ ಎಂದು ಜಗಳಕ್ಕೆ ಬರಬೇಡಿ. ನೀವು ಬರೆದದ್ದನ್ನು ಓದುವುದು ನನ್ನ ಕೆಲಸವಾಗಿತ್ತು.

ಅಪ್ಪನ ಚೌಕಟ್ಟನ್ನು ಅಣ್ಣನ ಮನೆಯಿಂದ ತರಿಸಿಕೊಂಡಿದ್ದೇನೆ. ಗಾಜಿನ ಮೇಲೆ ಅವರು ಬೆರಳಿಟ್ಟು ಇಟ್ಟು ಒಂದು ಜಾಗ ಮಸುಕಾಗಿದೆ. ನೋಡಿದೆ. ಅವರು ತೋರಿಸುತ್ತಿದ್ದದ್ದು ದೊಡ್ಡ ಶಿಖರವನ್ನೇ, ಕೈ ಹಿಡಿದ ಐವರದ್ದು. ಅದು ನಿಜವಾದದ್ದು. ಅದು ಇಂದಿಗೂ ಅಲ್ಲೇ ಇದೆ. ಹಾಗಾಗಿ ಆ ಚೌಕಟ್ಟನ್ನು ಬಿಚ್ಚುವುದಿಲ್ಲ.

ತಿದ್ದುಪಡಿಯ ಒಂದು ಪ್ರತಿಯನ್ನು ಹುಡುಗಿ ಓದುತ್ತಿದ್ದಾಳೆ. ಅವಳಿಗೆ ಎರಡು ದಿನ ಕೊಟ್ಟಿದ್ದೇನೆ. ಅದಾದ ಮೇಲೆ ಪತ್ರಿಕೆಯ ಲಕೋಟೆಯನ್ನೂ ಈ ಲಕೋಟೆಯನ್ನೂ ಒಟ್ಟಿಗೆ ಪೆಟ್ಟಿಗೆಗೆ ಹಾಕುತ್ತೇನೆ. ನನ್ನ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ, ಅದಕ್ಕೇ ಅಂಚೆಗೆ ಹಾಕುವ ದಿನವನ್ನು ಈಗಲೇ ಕೆಳಗೆ ಬರೆದಿಡುತ್ತಿದ್ದೇನೆ. ಲಕೋಟೆಯ ಮೇಲಿನ ಅಂಚೆ ಮುದ್ರೆಯೊಂದಿಗೆ ಹೊಂದಿಸಿ ನೋಡಿ. ಎರಡೂ ಒಂದೇ ಆಗಿದ್ದರೆ ನಿಮ್ಮ ನೋಟ್‌ಬುಕ್ಕನ್ನು ನಾನು ವಾಪಸು ಕಳಿಸಿದಾಗ ಆ ಪುಟದ ಕೆಳಗೆ, ಅವರು ಬಂದ ಸಾಲಿನ ಕೆಳಗೆ, ಈ ದಿನವನ್ನೂ ಪೆನ್ಸಿಲಿನಲ್ಲಿ ಸೇರಿಸಿಕೊಳ್ಳಿ.

ನಿಮ್ಮ
ನೀರಮ್ಮ

ಅಂಚೆಗೆ ಹಾಕುವ ದಿನ: ೧೭ ಏಪ್ರಿಲ್